ಲಾಡಿಯ ಗಂಟಿಗೆ ಮೂರು ಸಾವಿರ ವರ್ಷ



ನಾಲ್ಕನೆಯ ತರಗತಿಯಲ್ಲಿದ್ದಾಗ ಕೆಂಗೇರಿಯ ಮೈದಾನವೊಂದರಲ್ಲಿ ನೂರು ಮೀಟರ್ ಓಟದ ಸ್ಪರ್ಧೆಗೆ ನಿಂತಿದ್ದೆ. ಅರವತ್ತು ಮೀಟರಿನವರೆಗೆ ಎಲ್ಲರಿಗಿಂತ ಮುಂದಿದ್ದೆ. ಅಲ್ಲಿಂದಾಚೆಗೆ ಚಡ್ಡಿಯ ಲಾಡಿ ಬಿಚ್ಚಿತು. ಉಳಿದ ನಲವತ್ತು ಮೀಟರನ್ನು ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡೇ ಓಡಿ, ಕೊನೆಯವನಾಗಿ ಗುರಿ ಮುಟ್ಟಿದೆ. ಉಡಿದಾರ ಕಟ್ಟಿಕೊಂಡಿದ್ದ ಹುಡುಗರಿಗೆ ಈ ಗತಿ ಬರುತ್ತಿರಲಿಲ್ಲ. ಗುಂಡಿ ಹೋದರೂ ಲಾಡಿ ಸಡಿಲವಾದರೂ ಅವರು ಚಡ್ಡಿಯ ಅಂಚನ್ನು ಉಡಿದಾರದೊಳಕ್ಕೆ ಸಿಕ್ಕಿಸಿ ನಿಶ್ಚಿಂತೆಯಿಂದ ಓಡುತ್ತಿದ್ದರು. ನಾನು ಅದು ಹಳ್ಳಿಯವರ ಸಂಗತಿಯೆಂದು ಹಟ ಮಾಡಿ ತೆಗೆಸಿಹಾಕಿದ್ದೆ.

ಮನೆಗೆ ಬಂದಾಗ ಅಮ್ಮ ಹೇಳಿದ್ದು ಒಂದೇ ಮಾತು: "ಬಿಗಿಯಾಗಿ ಕಟ್ಕೋ ಅಂದ್ರೆ ಕೇಳ್ತೀಯೇನೋ?" ನಿಮ್ಮ ಮನೆಯಲ್ಲೂ ಇದೇ ಮಾತು ಕೇಳಿರುತ್ತೀರಿ. ಟ್ರ್ಯಾಕ್ ಪ್ಯಾಂಟು ಜಾರಿದರೆ ಬಿಗಿಯಾಗಿ ಕಟ್ಟು, ಒಳಲಂಗ ಸಡಿಲವಾದರೆ ಇನ್ನಷ್ಟು ಎಳೆದು ಕಟ್ಟು. ಈ ಬುದ್ಧಿಮಾತು ತಪ್ಪು ಎಂಬುದನ್ನು ತಿಳಿಯಲು ನನಗೆ ಒಂದು ವಿಜ್ಞಾನ ಪದವಿ ಮತ್ತು ಇಪ್ಪತ್ತು ವರ್ಷಗಳ ದೂರದರ್ಶನದ ನೌಕರಿ ಬೇಕಾಯಿತು. ಲಾಡಿ ಬಿಚ್ಚುವುದು ಬಿಗಿತ ಸಾಲದೆ ಅಲ್ಲ. ಗಂಟಿನ ಎರಡನೆಯ ಸುತ್ತು ತಪ್ಪು ದಿಕ್ಕಿಗೆ ಹೋಗಿರುವುದರಿಂದ. ಅದು ಹೇಗೆಂದು ಹೇಳುವ ಮೊದಲು, ಈ ಲಾಡಿ ನಮ್ಮ ಸೊಂಟಕ್ಕೆ ಎಲ್ಲಿಂದ ಬಂತು ಎಂಬುದನ್ನು ನೋಡೋಣ.

ನಮ್ಮ ಹಳೆಯ ಉಡುಪಿಗೆ ಗಂಟೇ ಇರಲಿಲ್ಲವೆಂದರೂ ಸಲ್ಲುತ್ತದೆ. ಪಂಚೆ, ಕಚ್ಚೆ, ಕಚ್ಚೆ ಹಾಕಿ ಉಟ್ಟ ಸೀರೆ ಇವೆಲ್ಲ ನಿಲ್ಲುವುದು ಬಟ್ಟೆಗೆ ಬಟ್ಟೆ ಒತ್ತಿ ಉಂಟಾಗುವ ಘರ್ಷಣೆಯಿಂದ. ಸುತ್ತಿ, ಮಡಿಸಿ, ಸಿಕ್ಕಿಸಿದರೆ ಮುಗಿಯಿತು. ಕೆಲಸಕ್ಕೆ ನಿಲ್ಲುವಾಗ ಮೇಲೊಂದು ವಸ್ತ್ರವನ್ನು ಬಿಗಿದು ಟೊಂಕ ಕಟ್ಟುತ್ತಿದ್ದರು. ಆ ಮಾತು ಇಂದಿಗೂ ನಮ್ಮ ಭಾಷೆಯಲ್ಲಿದೆ, ಟೊಂಕಕ್ಕೆ ಕಟ್ಟುವ ವಸ್ತ್ರ ಮಾತ್ರ ಹೋಯಿತು.

ಎರಡು ಕಾಲಿಗೆ ಎರಡು ಕೊಳವೆ ಹೊಲಿದು ಸೊಂಟಕ್ಕೆ ದಾರ ಹಾಕುವ ಉಡುಪು ಹುಟ್ಟಿದ್ದು ಕುದುರೆ ಸವಾರರಲ್ಲಿ. ಈಗ ಚೀನಾದ ಪಶ್ಚಿಮ ಭಾಗದಲ್ಲಿರುವ ತುರ್ಫಾನ್ ಎಂಬಲ್ಲಿ, ಯಾಂಗ್‌ಹಾಯ್ ಸಮಾಧಿಗಳಲ್ಲಿ ಉಣ್ಣೆಯ ಪ್ಯಾಂಟುಗಳು ಸಿಕ್ಕಿವೆ. ಅವು ಕ್ರಿ.ಪೂ. 13ರಿಂದ 10ನೆಯ ಶತಮಾನದ ನಡುವಿನವು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಇದುವರೆಗೆ ದೊರೆತ ಅತ್ಯಂತ ಹಳೆಯ ಪ್ಯಾಂಟುಗಳಲ್ಲಿ ಇವು ಸೇರಿವೆ. ಸೊಂಟದ ಬಳಿ ಕಟ್ಟಿಕೊಳ್ಳಲು ದಾರಗಳಿದ್ದವು. ಅಂದರೆ ಲಾಡಿಗೆ ಮೂರು ಸಾವಿರ ವರ್ಷದ ಇತಿಹಾಸ ಖಂಡಿತ ಇದೆ.

ಅಲ್ಲಿಂದ ಅದು ಸವಾರರ ಜೊತೆಗೇ ದಕ್ಷಿಣಕ್ಕೆ ಇಳಿಯಿತು. ಬಿಜಾಪುರದ ಆದಿಲ್‌ಶಾಹಿ ಕಾಲದ ಚಿತ್ರಗಳಲ್ಲಿ ಉದ್ದ ನಿಲುವಂಗಿಯ ಕೆಳಗೆ ಪಾಯಜಾಮ ಇಣುಕುವುದನ್ನು ನೋಡಬಹುದು. ಪಾಯಜಾಮ ಎಂದರೆ ಪಾರಸಿ ಭಾಷೆಯಲ್ಲಿ ಕಾಲಿನ ಉಡುಪು. ನಮ್ಮ ಹಿರಿಯರು ಇಜಾರು ಎನ್ನುತ್ತಿದ್ದರಲ್ಲ, ಅದರ ಮೂಲವಾದ ಅರಬ್ಬಿ ಪದಕ್ಕೆ ಸೊಂಟಕ್ಕೆ ಸುತ್ತುವ ಹೊಲಿಯದ ವಸ್ತ್ರ ಎಂದರ್ಥ. ಪದ ಉಳಿದು ವಸ್ತುವೇ ಬದಲಾದದ್ದಕ್ಕೆ ಇದೊಂದು ಚಂದದ ಉದಾಹರಣೆ. ಇಜಾರಿನ ದಾರಕ್ಕೆ ಇಜಾರಬಂದ್ ಎಂದು ಹೆಸರು. ಸಿರಿವಂತರ ಇಜಾರಬಂದ್ ರೇಷ್ಮೆಯದು, ತುದಿಯಲ್ಲಿ ಕುಚ್ಚು.

ರೇಷ್ಮೆ ಎಂದೊಡನೆ ಕೆಂಗೇರಿಯ ನೆನಪು ಬಾರದೆ ಇರದು. ಇಂದು ಮೆಟ್ರೊ ಹಿಡಿದು ಕೆಂಗೇರಿಗೆ ಬರುವ ನಿಮಗೆ ಆಶ್ಚರ್ಯವಾಗಬಹುದು. 1866ರಲ್ಲಿ ದೆ ವೆಕ್ಕಿ ಎಂಬ ಇಟಲಿಯವನು ಇಲ್ಲಿ ಉಗಿಯಂತ್ರದ ರೇಷ್ಮೆ ನೂಲು ಬಿಚ್ಚಾಣಿಕೆಯ ಕಾರ್ಖಾನೆ ಸ್ಥಾಪಿಸಿದ್ದ. ಮೈಸೂರು ಸೀಮೆಯ ರೇಷ್ಮೆ ಹುಳುಗಳು ರೋಗದಿಂದ ಸೊರಗಿದ್ದ ಕಾಲವದು. ಜಪಾನಿನಿಂದ ಮೊಟ್ಟೆಗಳನ್ನು ತರಿಸಿ ತಳಿಯನ್ನು ಚೇತರಿಸಲು ಆತ ಬಹಳ ಶ್ರಮಪಟ್ಟ. ಪ್ರಯತ್ನ ಕೈಗೂಡಲಿಲ್ಲ. ಆದರೆ ರೇಷ್ಮೆ ಈ ದಾರಿಯನ್ನು ಬಿಟ್ಟು ಹೋಗಲಿಲ್ಲ. ಮೈಸೂರು ರಸ್ತೆಯಲ್ಲೇ ಮುಂದೆ ಹೋದರೆ ರಾಮನಗರದ ಗೂಡಿನ ಮಾರುಕಟ್ಟೆ, ಇತ್ತ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಇವೆ.

ರೇಷ್ಮೆ ಬಿಚ್ಚುವವರಿಗೆ, ನೇಯುವವರಿಗೆ ಗಂಟಿನ ವಿದ್ಯೆ ಕರಗತವಾಗಿರಲೇಬೇಕು. ಎಳೆ ತುಂಡಾದಾಗ ಕ್ಷಣದಲ್ಲಿ ಸೇರಿಸಬೇಕು. ಗಂಟು ಸಣ್ಣದಿರಬೇಕು, ಜಾರಲೂ ಬಾರದು. ನೇಕಾರರು ಹಾಕುವ ಆ ಗಂಟೂ ಹಡಗಿನವರು ಎರಡು ಹಗ್ಗ ಸೇರಿಸಲು ಹಾಕುವ ಒಂದು ಗಂಟೂ ರಚನೆಯಲ್ಲಿ ಒಂದೇ. ರೇಷ್ಮೆ ನುಣುಪು, ಒರಟು ಹತ್ತಿಯ ಹಾಗೆ ಕಚ್ಚಿ ಹಿಡಿಯುವುದಿಲ್ಲ. ನಿಮ್ಮ ಟ್ರ್ಯಾಕ್ ಪ್ಯಾಂಟಿನ ನೈಲಾನ್ ಅಥವಾ ಪಾಲಿಯೆಸ್ಟರ್ ಲಾಡಿಯ ಗುಣವೂ ಇದೇ. 1938ರಲ್ಲಿ ನೈಲಾನ್, 1941ರಲ್ಲಿ ಪಾಲಿಯೆಸ್ಟರ್ ನೂಲು ಬಂದ ಮೇಲೆ ನಮ್ಮ ಗಂಟುಗಳಿಗೆ ಕಷ್ಟಕಾಲ ಶುರುವಾಯಿತು. ಹತ್ತಿಯ ಲಾಡಿ ಮನ್ನಿಸುತ್ತಿದ್ದ ತಪ್ಪನ್ನು ನೈಲಾನ್ ಮನ್ನಿಸುವುದಿಲ್ಲ.

ಆ ತಪ್ಪು ಯಾವುದು? ಒಂದು ದಾರ ತೆಗೆದುಕೊಳ್ಳಿ, ತೊಡೆಗೆ ಸುತ್ತಿ. ಬಲತುದಿಯನ್ನು ಎಡತುದಿಯ ಮೇಲೆ ಹಾಯಿಸಿ, ಕೆಳಗಿನಿಂದ ತೂರಿಸಿ ಎಳೆಯಿರಿ. ಇದು ಅರ್ಧ ಗಂಟು. ಈಗ ಬಲಗೈಗೆ ಬಂದಿರುವ ತುದಿಯನ್ನೇ ಮತ್ತೆ ಎಡದ್ದರ ಮೇಲೆ ಹಾಯಿಸಿ ಇನ್ನೊಂದು ಅರ್ಧ ಗಂಟು ಹಾಕಿದರೆ ಅದು ಜಾರುವ ಗಂಟು. ಹಾಗಲ್ಲದೆ, ಎರಡನೆಯ ಸಲ ಎಡಗೈಯಲ್ಲಿರುವ ತುದಿಯನ್ನು ಬಲದ್ದರ ಮೇಲೆ ಹಾಯಿಸಿದರೆ ನಿಲ್ಲುವ ಗಂಟು. ಹಡಗಿನ ಹಾಯಿ ಕಟ್ಟುತ್ತಿದ್ದವರು ಎರಡನೆಯದನ್ನು ರೀಫ್ ಗಂಟು ಎಂದರು, ಮೊದಲನೆಯದಕ್ಕೆ ಗ್ರ್ಯಾನಿ ಗಂಟು, ಅಂದರೆ ಅಜ್ಜಿಗಂಟು, ಎಂದು ಹೆಸರಿಟ್ಟರು. ಅಜ್ಜಿಯರಿಗೆ ಇದು ಅನ್ಯಾಯ. ಬಾಳೆನಾರಿನಲ್ಲಿ ನಮ್ಮಜ್ಜಿ ಕಟ್ಟಿದ ಕನಕಾಂಬರದ ದಂಡೆಯಿಂದ ಒಂದು ಹೂವೂ ಉದುರಿದ್ದನ್ನು ನಾನು ಕಾಣೆ.

ಲಾಡಿಗೆ ಹಾಕುವ ಎರಡು ಕಿವಿಯ ಗಂಟು ಈ ಪೂರ್ಣ ಗಂಟಿನದೇ ರೂಪ. ಎರಡನೆಯ ಸಲ ತುದಿಗಳ ಬದಲು ಮಡಿಕೆಗಳನ್ನು ತೂರಿಸುತ್ತೇವೆ, ತುದಿ ಎಳೆದರೆ ಬಿಚ್ಚಿಕೊಳ್ಳಲಿ ಎಂದು. ನಿಮ್ಮದು ಯಾವ ಜಾತಿಯ ಗಂಟು ಎಂದು ತಿಳಿಯುವುದು ಸುಲಭ. ಕಟ್ಟಿದ ಮೇಲೆ ಬಗ್ಗಿ ನೋಡಿ. ಎರಡು ಕಿವಿಗಳು ಸೊಂಟದ ಉದ್ದಕ್ಕೆ ಎಡಬಲವಾಗಿ ಮಲಗಿದ್ದರೆ ಸರಿ. ಒಂದು ಹೊಕ್ಕುಳಿನ ಕಡೆಗೆ, ಇನ್ನೊಂದು ಮೊಣಕಾಲಿನ ಕಡೆಗೆ ತಿರುಗಿ ನಿಂತಿದ್ದರೆ ನೀವೂ ನನ್ನಂತೆ ಓಟದಲ್ಲಿ ಕೊನೆಯವರಾಗುವ ಸಂಭವವಿದೆ.

ಈ ತಿಳಿವಳಿಕೆ ಹೊಸದೇನಲ್ಲ. ರೀಫ್ ಗಂಟನ್ನು ಗ್ರೀಕರು ಹೆರಾಕ್ಲೀಸನ ಗಂಟು ಎಂದು ಕರೆದರು. ರೋಮಿನ ಮದುಮಗಳ ನಡುಪಟ್ಟಿಗೆ ಹಾಕುತ್ತಿದ್ದದ್ದೂ ಅದೇ. ಆ ಗಂಟಿನಿಂದ ಕಟ್ಟಿದ ಗಾಯ ಬೇಗ ಮಾಯುತ್ತದೆಂದು ಕ್ರಿ.ಶ. ಒಂದನೆಯ ಶತಮಾನದಲ್ಲಿ ಪ್ಲಿನಿ ಬರೆದ. ಅದು ನಂಬಿಕೆಯ ಮಾತು ಎನ್ನೋಣ. ಚಪ್ಪಟೆಯಾಗಿ ಕೂಡುವ, ಜಾರದ ಗಂಟು ಗಾಯದ ಪಟ್ಟಿಗೆ ಒಳ್ಳೆಯದೆಂಬುದು ಮಾತ್ರ ನಿಜ. ನಮ್ಮ ಸುಶ್ರುತ ಸಂಹಿತೆಯಲ್ಲಿ ಹದಿನಾಲ್ಕು ಬಗೆಯ ಕಟ್ಟುಗಳ ವರ್ಣನೆ ಇದೆ. ಗಂಟು ಗಾಯದ ಮೇಲೆ ಬರಬಾರದೆಂಬ ಎಚ್ಚರಿಕೆಯೂ ಇದೆ. ಇನ್ನು ಬೆಂಗಳೂರಿಗೆ ರೀಫ್ ಗಂಟು ಪಾಠವಾಗಿ ಬಂದದ್ದು ಸ್ಕೌಟುಗಳ ಮೂಲಕ. ಭಾರತದ ಮೊದಲ ಸ್ಕೌಟ್ ದಳವನ್ನು 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಕಟ್ಟಿದ್ದು ಬೆಂಗಳೂರಿನಲ್ಲಿಯೇ. ನಿಮ್ಮಲ್ಲಿ ಸ್ಕೌಟ್ಸ್ ಅಥವಾ ಗೈಡ್ಸ್ ಸೇರಿದವರಿಗೆ ಕಲಿಸಿರುತ್ತಾರೆ. ಅದೇ ಕೈ ಲಾಡಿ ಕಟ್ಟುವಾಗ ಅಜ್ಜಿಗಂಟು ಹಾಕುತ್ತದೆ! ಒಂದು ಎಚ್ಚರಿಕೆ: ರೀಫ್ ಗಂಟು ಸುತ್ತಿ ಕಟ್ಟುವುದಕ್ಕೆ ಸರಿ, ಭಾರ ಹೊರುವ ಎರಡು ಹಗ್ಗಗಳನ್ನು ಸೇರಿಸಲು ಅಲ್ಲ. 1944ರಲ್ಲಿ ಸುಮಾರು ನಾಲ್ಕು ಸಾವಿರ ಗಂಟುಗಳ ಮಹಾಗ್ರಂಥ ಪ್ರಕಟಿಸಿದ ಕ್ಲಿಫರ್ಡ್ ಆಶ್ಲಿ ಇದನ್ನು ಒತ್ತಿ ಹೇಳಿದ್ದಾನೆ.

ದಿಕ್ಕು ಬದಲಾದರೆ ಬಲ ಏಕೆ ಬದಲಾಗಬೇಕು? ಗೂಟಕ್ಕೆ ಹಗ್ಗವನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಹಗುರಾಗಿ ಹಿಡಿದು ಎತ್ತನ್ನು ತಡೆಯುವವರನ್ನು ನೀವು ನೋಡಿರಬಹುದು. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಇದಕ್ಕೆ ಸೂತ್ರ ಕೊಟ್ಟ. ಘರ್ಷಣೆಯ ಗುಣಾಂಕ 0.3 ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಹಿಡಿತ ಸುಮಾರು 6.6 ಪಟ್ಟು, ಎರಡು ಸುತ್ತಿಗೆ 43 ಪಟ್ಟು. ದಾರ ನುಣುಪಾಗಿ ಗುಣಾಂಕ 0.15ಕ್ಕೆ ಇಳಿದರೆ, ಮೊದಲು ಒಂದೇ ಸುತ್ತು ಮಾಡುತ್ತಿದ್ದ ಕೆಲಸಕ್ಕೆ ಎರಡು ಸುತ್ತು ಬೇಕು. ನೈಲಾನ್ ಲಾಡಿಯ ಸಮಸ್ಯೆ ಇಷ್ಟೇ.

ಆದರೆ ರೀಫ್, ಗ್ರ್ಯಾನಿ ಎರಡರಲ್ಲೂ ಸುತ್ತುಗಳ ಲೆಕ್ಕ ಒಂದೇ. ವ್ಯತ್ಯಾಸ ಎಳೆಗಳ ಹೊರಳುವಿಕೆಯಲ್ಲಿದೆ. 2020ರಲ್ಲಿ ಅಮೆರಿಕದ ಎಂಐಟಿಯ ವಿಶಾಲ್ ಪಾಟೀಲ್, ಯೋರ್ನ್ ಡುಂಕೆಲ್ ಮತ್ತು ಸಂಗಡಿಗರು, ಎಳೆದಾಗ ಬಣ್ಣ ಬದಲಾಯಿಸುವ ನೂಲಿನಿಂದ ಗಂಟು ಹಾಕಿ ಒಳಗಿನ ಒತ್ತಡವನ್ನು ಕಣ್ಣಿಗೆ ಕಾಣಿಸಿದರು. ರೀಫ್ ಗಂಟಿನಲ್ಲಿ ಪಕ್ಕಪಕ್ಕದ ಎಳೆಗಳು ವಿರುದ್ಧ ದಿಕ್ಕಿಗೆ ಹೊರಳಲು ಹೋಗಿ ಒಂದನ್ನೊಂದು ತಡೆಯುತ್ತವೆ. ಗ್ರ್ಯಾನಿಯಲ್ಲಿ ಒಂದೇ ಕಡೆಗೆ ಉರುಳಿ ಜಾರುತ್ತವೆ. ಇದಕ್ಕೆ ಮೂರು ವರ್ಷ ಮೊದಲು, 2017ರಲ್ಲಿ, ಬರ್ಕ್ಲಿಯ ಸಂಶೋಧಕರು ಓಡುವವರ ಷೂ ಲೇಸನ್ನು ನಿಧಾನಗತಿಯ ಕ್ಯಾಮೆರಾದಲ್ಲಿ ಚಿತ್ರಿಸಿದ್ದರು. ಹೆಜ್ಜೆ ನೆಲಕ್ಕೆ ಬಡಿದಾಗಲೆಲ್ಲ ಗಂಟಿನ ನಡು ಸಡಿಲವಾಗುತ್ತದೆ. ಬೀಸುವ ತುದಿಗಳು ಅದನ್ನು ಹೊರಕ್ಕೆ ಎಳೆಯುತ್ತವೆ. ಬಹಳ ಹೊತ್ತು ಏನೂ ಆಗದಂತೆ ಕಂಡು, ನಂತರ ಕೆಲವೇ ಸೆಕೆಂಡುಗಳಲ್ಲಿ ಎಲ್ಲ ಮುಗಿಯುತ್ತದೆ. ಅರವತ್ತು ಮೀಟರಿನವರೆಗೆ ನನಗೇಕೆ ಏನೂ ತಿಳಿಯಲಿಲ್ಲ ಎಂಬುದಕ್ಕೆ ಅಂತೂ ಉತ್ತರ ಸಿಕ್ಕಿತು.

ಇಷ್ಟಾದರೂ ಒಂದು ಓಟದ ಸೋಲಿಗಾಗಿ ನಾನು ಇದನ್ನು ಬರೆಯುತ್ತಿಲ್ಲ. ನಮ್ಮಜ್ಜಿಯ ಸೊಂಟದಲ್ಲಿ ಸುತ್ತಲೂ ಒಂದು ಕಪ್ಪು ಗೆರೆಯಿತ್ತು. ಒಳಲಂಗದ ಲಾಡಿ ಕಚ್ಚಿ ಕಚ್ಚಿ ಆದದ್ದು. ಸೀರೆಯೊಳಗೆ ಹೊಲಿದ ಲಂಗ ತೊಡುವ ಇಂದಿನ ರೂಢಿ ಹರಡಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ. ಆರು ಗಜದ ನೆರಿಗೆಯ ಭಾರವೆಲ್ಲ ಒಂದು ದಾರದ ಮೇಲೆ ಬಿತ್ತು. ಗಂಟು ಜಾರುತ್ತದೆಂಬ ಭಯಕ್ಕೆ ಹೆಂಗಸರು ಉಸಿರು ಬಿಗಿಹಿಡಿದು ಎಳೆದು ಕಟ್ಟಿದರು. 1945ರಲ್ಲಿ ಮುಂಬಯಿಯ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿ ಅವರು ಧೋತರ ಬಿಗಿಯುವ ಜಾಗದಲ್ಲಿ ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡದ್ದನ್ನು ದಾಖಲಿಸಿದರು. 2024ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಭಾರತದ ವೈದ್ಯರು ಇಬ್ಬರು ವಯಸ್ಸಾದ ಹೆಂಗಸರ ವಿಷಯ ಪ್ರಕಟಿಸಿದರು. ದಶಕಗಳ ಕಾಲ ಸೊಂಟದ ಕಟ್ಟು ಉಜ್ಜಿದ ಜಾಗದಲ್ಲಿ ಮಾಯದ ಹುಣ್ಣು, ಅದು ಕ್ಯಾನ್ಸರಿಗೆ ತಿರುಗಿತ್ತು. ಇದು ಅಪರೂಪ, ಹೆದರಬೇಕಾಗಿಲ್ಲ. ಆದರೆ ಆ ಕಪ್ಪು ಗೆರೆ ಅಪರೂಪವಲ್ಲ. ನಿಮ್ಮ ಮನೆಯಲ್ಲಿ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ನೋಡಿ. ಅಲ್ಲಿ ವಾಸಿಯಾಗದ ಗಾಯವಿದ್ದರೆ ವೈದ್ಯರಿಗೆ ತೋರಿಸಲು ಹೇಳಿ.

ಪರಿಹಾರ ದೊಡ್ಡದಲ್ಲ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಓದಿದ್ದೀರಿ. 5 ಮಿಲಿಮೀಟರಿನ ದಾರದ ಬದಲು 25 ಮಿಲಿಮೀಟರಿನ ಪಟ್ಟಿ ಪೋಣಿಸಿದರೆ ಒತ್ತಡ ಐದನೆಯ ಒಂದು ಪಾಲಿಗೆ ಇಳಿಯುತ್ತದೆ. ಕಟ್ಟುವ ಜಾಗವನ್ನು ದಿನಕ್ಕೊಂದಿಷ್ಟು ಮೇಲೆ ಕೆಳಗೆ ಮಾಡಬಹುದು. ಗಂಟು ಹಾಕುವಾಗ ಮೊದಲ ಅರ್ಧ ಗಂಟಿನಲ್ಲಿ ತುದಿಯನ್ನು ಒಂದರ ಬದಲು ಎರಡು ಸಲ ತೂರಿಸಿ. ಶಸ್ತ್ರಚಿಕಿತ್ಸಕರು ಹೊಲಿಗೆಗೆ ಮಾಡುವುದು ಹೀಗೆಯೇ, ಕೈ ಬಿಟ್ಟರೂ ಅದು ಸಡಿಲವಾಗುವುದಿಲ್ಲ. ಅನಂತರ ಎರಡನೆಯ ಸುತ್ತನ್ನು ವಿರುದ್ಧ ದಿಕ್ಕಿಗೆ ಹಾಕಿ ಕಿವಿಗಳನ್ನು ಎಳೆಯಿರಿ. ನೈಲಾನ್ ಲಾಡಿಯಾದರೆ ಮಡಿಕೆಯನ್ನು ಇನ್ನೊಂದು ಸಲ ಸುತ್ತಿ ತೂರಿಸಿ. ಹೊಟ್ಟೆಗೂ ಲಾಡಿಗೂ ನಡುವೆ ಎರಡು ಬೆರಳು ಆಡುವಷ್ಟು ಜಾಗ ಬಿಡಬಹುದು. ಗಂಟಿನ ಮೇಲೆ ಗಂಟು ಹೇರಿ ಕಗ್ಗಂಟು ಮಾಡಬೇಡಿ. ಅವಸರದಲ್ಲಿ ಶೌಚಾಲಯದ ಬಾಗಿಲಲ್ಲಿ ನಿಂತಾಗ ಅದರ ಬೆಲೆ ತಿಳಿಯುತ್ತದೆ.

ತುದಿಗಳನ್ನು ಬಹಳ ಉದ್ದ ಬಿಡುವುದೂ ಬೇಡ. ಮಕ್ಕಳ ಮೇಲುಡುಪಿನ ಲಾಡಿಗಳು ಜಾರುಬಂಡೆಗೆ, ಬಸ್ಸಿನ ಬಾಗಿಲಿಗೆ ಸಿಕ್ಕಿ ಸಾವುಗಳಾದ ಮೇಲೆ 1996ರಲ್ಲಿ ಅಮೆರಿಕ ಮಾರ್ಗಸೂಚಿ ಹೊರಡಿಸಿತು. ಸೊಂಟದ ಲಾಡಿ 75 ಮಿಲಿಮೀಟರಿಗಿಂತ ಹೆಚ್ಚು ಹೊರಗೆ ಚಾಚಬಾರದು, ತುದಿಯಲ್ಲಿ ಗಂಟು, ಮಣಿ ಇರಬಾರದು, ಒಳಗೆ ಜಾರಿಹೋಗದಂತೆ ನಡುವೆ ಹೊಲಿಗೆ ಹಾಕಿರಬೇಕು ಎಂದಿತು. ಕೆಂಗೇರಿಯ ಮುಂದೆ ಹಾಯುವ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ರಫ್ತಿಗೆ ಹೊಲಿಯುವವರಿಗೆ ಇಂಥ ಅಳತೆಗಳು ಚಿರಪರಿಚಿತ. ನಮ್ಮ ಅಂಗಡಿಯಲ್ಲಿ ಕೊಳ್ಳುವ ಚಡ್ಡಿಗೆ ಆ ನಡುವಿನ ಹೊಲಿಗೆ ಇದ್ದರೆ ಅದೃಷ್ಟ. ಇಲ್ಲದಿದ್ದರೆ ಒಗೆದಾಗ ಲಾಡಿ ಒಳಗೆ ಸೇರಿಕೊಳ್ಳುತ್ತದೆ. ಆಗ ಅಮ್ಮಂದಿರು ಹಳೆಯ ಹಲ್ಲುಜ್ಜುವ ಬ್ರಷ್ಷಿನ ಹಿಡಿಯ ತೂತಿಗೆ ಲಾಡಿ ಕಟ್ಟಿ ಪೋಣಿಸುತ್ತಿದ್ದರು. ಈಗಿನ ಬ್ರಷ್ಷುಗಳಲ್ಲಿ ಆ ತೂತು ಕಾಣುವುದು ಕಡಿಮೆ. ಒಂದು ಸೇಫ್ಟಿ ಪಿನ್ನು ಸಾಕು, ಪಟ್ಟಿಯ ಒಂದು ಬದಿಯಿಂದ ಬೆರಳಲ್ಲಿ ನೂಕುತ್ತಾ ಹೋಗಿ. ಇನ್ನೊಂದು ಬದಿಯಲ್ಲಿ ಹೊರಬಂದ ಕೂಡಲೇ ನಡುಬೆನ್ನಿನ ಜಾಗದಲ್ಲಿ ನಾಲ್ಕು ಹೊಲಿಗೆ ಹಾಕಿಬಿಡಿ.