ಮುಂದೆ ನೋಡಿ ಹೆಜ್ಜೆಯಿಡುವ ಮೋಟಾರು

ಹಿಟ್ಟಿನ ಗಿರಣಿ, ತೋಟದ ಪಂಪುಸೆಟ್ಟು, ವಿದ್ಯುತ್ ರೈಲಿನ ಎಂಜಿನ್ನು: ಇವುಗಳಲ್ಲಿ ಬಹುಮಟ್ಟಿಗೆ ದುಡಿಯುತ್ತ ಬಂದಿರುವುದು ಒಂದೇ ಜಾತಿಯ ಯಂತ್ರ, ಇಂಡಕ್ಷನ್ ಮೋಟಾರು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರುಗಳಾದವರಿಗೆ ಇದರ ಕಥೆ ಹೊಸದಲ್ಲ. ಉಳಿದವರಿಗಾಗಿ, ಈ ಯಂತ್ರವನ್ನು ಪಳಗಿಸಲು ಮನುಷ್ಯ ಪಟ್ಟ ಪ್ರಯತ್ನದ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಇಟಲಿಯ ಗೆಲಿಲಿಯೋ ಫೆರಾರಿಸ್ 1885ರಲ್ಲಿ ತಿರುಗುವ ಕಾಂತಕ್ಷೇತ್ರವನ್ನು ಪ್ರಯೋಗದಿಂದ ತೋರಿಸಿದರು. ನಿಕೋಲಾ ಟೆಸ್ಲಾ 1888ರಲ್ಲಿ ಅಮೆರಿಕದಲ್ಲಿ ಪೇಟೆಂಟುಗಳನ್ನು ಪಡೆದರು. ಮರುವರ್ಷ ಜರ್ಮನಿಯ ಎ.ಇ.ಜಿ. ಕಂಪನಿಯಲ್ಲಿದ್ದ ದೊಲಿವೊ-ದೊಬ್ರೊವೊಲ್ಸ್ಕಿ ಎಂಬ ರಷ್ಯನ್ ಇಂಜಿನಿಯರು, ಪಂಜರದಂತಹ ರೋಟರುಳ್ಳ ಮೂರು ಫೇಸಿನ ಮೋಟಾರನ್ನು ರಚಿಸಿದರು. ಸವೆಯುವ ಬ್ರಷ್ಷುಗಳಿಲ್ಲದ, ಅಗ್ಗದ, ಗಟ್ಟಿಮುಟ್ಟಾದ ಯಂತ್ರವದು.

ಆದರೆ ಅದು ಮಾತು ಕೇಳುತ್ತಿರಲಿಲ್ಲ. ಡಿ.ಸಿ. ಮೋಟಾರಿನಲ್ಲಿ ಕಾಂತಕ್ಷೇತ್ರಕ್ಕೆ ಒಂದು ಸುರುಳಿ, ಟಾರ್ಕಿಗೆ, ಅಂದರೆ ತಿರುಗಿಸುವ ಬಲಕ್ಕೆ, ಇನ್ನೊಂದು ಸುರುಳಿ. ಇಂಡಕ್ಷನ್ ಮೋಟಾರಿಗೆ ಹೊರಗಿನಿಂದ ಹರಿಯುವ ಒಂದೇ ವಿದ್ಯುತ್ ಪ್ರವಾಹ ಎರಡು ಕೆಲಸವನ್ನೂ ಮಾಡಬೇಕು. ಬೆರೆತುಹೋದ ಇವೆರಡನ್ನು ಗಣಿತದಿಂದ ಬೇರ್ಪಡಿಸುವ ಮಾರ್ಗವನ್ನು ಜರ್ಮನಿಯ ಹಾಸೆ 1969ರಲ್ಲಿಯೂ, ಬ್ಲಾಶ್ಕೆ 1970ರ ದಶಕದ ಆರಂಭದಲ್ಲಿಯೂ ತೋರಿಸಿದರು.

1980ರ ದಶಕದಲ್ಲಿ ಜಪಾನಿನ ತಕಹಾಶಿ ಮತ್ತು ನೊಗುಚಿ, ಜರ್ಮನಿಯ ಡೆಪೆನ್‌ಬ್ರಾಕ್, ಇನ್ನೂ ನೇರವಾದ ದಾರಿಯನ್ನು ಕಂಡುಕೊಂಡರು. ಟಾರ್ಕು ಮತ್ತು ಕಾಂತೀಯ ಹರಿವು ಎರಡಕ್ಕೂ ಮೇಲೊಂದು, ಕೆಳಗೊಂದು ಗಡಿ. ಗಡಿ ದಾಟಿದೊಡನೆ ಸ್ವಿಚ್ಚುಗಳನ್ನು ಬದಲಿಸುವುದು. ಸರಳವೂ ಚುರುಕೂ ಆದ ವಿಧಾನ. ಆದರೂ ತಪ್ಪು ಕಣ್ಣಿಗೆ ಬಿದ್ದ ಮೇಲೆಯೇ ತಿದ್ದುಪಡಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ತಪ್ಪುವ ಮೊದಲೇ ಅದನ್ನು ಕಾಣಲಾಗದೆ? ಇದಕ್ಕೆ ಉತ್ತರವೇ ಮುನ್ನೋಟದ ಟಾರ್ಕ್ ನಿಯಂತ್ರಣ. ಮೋಟಾರಿಗೆ ವಿದ್ಯುತ್ ಒದಗಿಸುವ ಸಾಮಾನ್ಯ ಇನ್ವರ್ಟರಿನಲ್ಲಿ ಆರು ಸ್ವಿಚ್ಚುಗಳು, ಎಂಟು ಜೋಡಣೆಗಳು. ಅವುಗಳಲ್ಲಿ ಎರಡರ ಫಲ ಶೂನ್ಯವೇ ಆದ್ದರಿಂದ ನಿಜವಾದ ಆಯ್ಕೆಗಳು ಏಳು. ನಿಯಂತ್ರಕವು ಪ್ರವಾಹವನ್ನೂ ವೇಗವನ್ನೂ ಅಳೆದು, ಏಳರಲ್ಲಿ ಪ್ರತಿಯೊಂದನ್ನು ಆರಿಸಿದರೂ ಮುಂದಿನ ಕ್ಷಣದಲ್ಲಿ ಟಾರ್ಕು ಎಷ್ಟಿರುತ್ತದೆ, ಕಾಂತೀಯ ಹರಿವು ಎಷ್ಟಿರುತ್ತದೆ ಎಂದು ಲೆಕ್ಕ ಹಾಕುತ್ತದೆ. ಬೇಕಾದುದಕ್ಕೆ ಅತಿ ಸಮೀಪವಾದುದನ್ನು ಆರಿಸುತ್ತದೆ. ಮರುಕ್ಷಣ ಮತ್ತೆ ಮೊದಲಿನಿಂದ ಲೆಕ್ಕ. ಆಡು-ಹುಲಿ ಆಟದಲ್ಲಿ ಜಾಣ ಆಟಗಾರ ಕಾಯಿ ಎತ್ತುವ ಮುನ್ನ ಎಲ್ಲ ಮನೆಗಳನ್ನೂ ಮನಸ್ಸಿನಲ್ಲೇ ನಡೆದು ನೋಡುವುದಿಲ್ಲವೆ, ಹಾಗೆ.

ಈ ಆಲೋಚನೆ ಬಹಳ ಹಳೆಯದು. 1970ರ ದಶಕದಲ್ಲೇ ಫ್ರಾನ್ಸಿನ ರಿಶಾಲೆ ಮೊದಲಾದವರು ಕಾರ್ಖಾನೆಗಳ ನಿಯಂತ್ರಣಕ್ಕೆ ಇದನ್ನು ಬಳಸಿದ್ದರು. ಅಲ್ಲಿ ಒಂದು ನಿರ್ಧಾರಕ್ಕೆ ನಿಮಿಷಗಳ ಬಿಡುವಿರುತ್ತದೆ. ಮೋಟಾರಿನಲ್ಲಾದರೋ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗ, ಇಲ್ಲವೇ ಅದಕ್ಕಿಂತ ಕಡಿಮೆ. ಜರ್ಮನಿಯ ಹೋಲ್ಟ್ಸ್ 1983ರಲ್ಲಿ ಮೋಟಾರಿನ ಪ್ರವಾಹಕ್ಕೆ ಮುನ್ನೋಟದ ನಿಯಂತ್ರಣವನ್ನು ಸೂಚಿಸಿದ್ದರೂ, ಅದು ವ್ಯಾಪಕವಾಗಿ ಬೆಳೆಯಲು ವೇಗದ, ಅಗ್ಗದ ಪ್ರೊಸೆಸರುಗಳು ಬರಬೇಕಾಯಿತು. 2000ದ ನಂತರ ಜ್ಯೂರಿಕ್‌ನಲ್ಲಿ ಗೇಯರ್ ಮತ್ತು ಸಂಗಡಿಗರು, ಚಿಲಿ ದೇಶದ ವಾಲ್ಪರೈಸೊ ನಗರದಲ್ಲಿ ಹೊಸೆ ರೊಡ್ರಿಗೆಸ್ ಮತ್ತು ಕೋರ್ಟೆಸ್ ಈ ವಿದ್ಯೆಯನ್ನು ಬೆಳೆಸಿದರು. ಚಿಲಿಯ ಆ ಇಬ್ಬರು 2012ರಲ್ಲಿ ಬರೆದ ಗ್ರಂಥ ಇದೇ ವಿಷಯವನ್ನು ಕುರಿತದ್ದು. ಐರೋಪ್ಯರು ಆರಂಭಿಸಿದ ಕೆಲಸವನ್ನು ದಕ್ಷಿಣ ಅಮೆರಿಕದ ಬಂದರು ಪಟ್ಟಣವೊಂದು ಮುಂದುವರಿಸಿದ್ದು ನನಗೆ ಸಂತೋಷ ಕೊಡುವ ಸಂಗತಿ. ವಿದ್ಯೆ ಯಾರ ಮನೆಯ ಆಸ್ತಿಯೂ ಅಲ್ಲವಷ್ಟೆ.

ಆದರೆ ಮುನ್ನೋಟಕ್ಕೂ ಮಿತಿಯುಂಟು. ಯಂತ್ರ ಕಾಣುವುದು ಲೆಕ್ಕದಲ್ಲಿರುವ ಮೋಟಾರನ್ನು. ನಿಜವಾದ ಮೋಟಾರು ಬಿಸಿಯೇರಿ ತಂತಿಗಳ ರೋಧ ಹೆಚ್ಚಿದರೆ ಭವಿಷ್ಯ ತಪ್ಪುತ್ತದೆ. ಇನ್ನೊಂದು ಮಾತು: ಟಾರ್ಕು ಮುಖ್ಯವೋ ಕಾಂತೀಯ ಹರಿವು ಮುಖ್ಯವೋ, ಯಾವುದಕ್ಕೆ ಎಷ್ಟು ತೂಕ ಎಂಬುದು ಈ ವಿಧಾನದ ಮೂಲರೂಪದಲ್ಲಿ ಯಂತ್ರಕ್ಕೆ ತಾನಾಗಿ ತಿಳಿಯದು, ಇಂಜಿನಿಯರು ಮೊದಲೇ ಹೇಳಿಕೊಡಬೇಕು. ಎಷ್ಟೇ ವೇಗವಾಗಿ ಮುಂದೆ ನೋಡಿದರೂ, ಯಾವುದು ಮುಖ್ಯ ಎಂದು ತೀರ್ಮಾನಿಸುವ ಹೊಣೆ ಮನುಷ್ಯನದೇ. ಈ ಕ್ಷೇತ್ರದಲ್ಲಿ ದುಡಿಯುತ್ತಿರುವ ಶಿಷ್ಯರು ಯಾರಾದರೂ ಇದನ್ನು ಓದಿದರೆ, ಆ ತೂಕವನ್ನು ನೀವು ಹೇಗೆ ನಿರ್ಧರಿಸುತ್ತೀರಿ ಎಂದು ಎರಡು ಸಾಲು ಬರೆಯಿರಿ.