ಕೊರೆತದಿಂದ ಅಂಟಿನೆಡೆಗೆ: ಹುಳುಕು ಹಲ್ಲಿನ ಚಿಕಿತ್ಸೆ ಸಾಗಿಬಂದ ದಾರಿ

ಹುಳುಕು ಹಲ್ಲಿಗೆ ಕೈಯಿಟ್ಟರೆ ಅದರ ಸುತ್ತಲಿನ ಗಟ್ಟಿ ಭಾಗವನ್ನೂ ಒಂದಿಷ್ಟು ಕೊರೆದು ತೆಗೆಯಬೇಕೆಂಬುದು ಇಪ್ಪತ್ತನೆಯ ಶತಮಾನದ ಬಹುಕಾಲ ದಂತವೈದ್ಯದ ಒಪ್ಪಿತ ಪಾಠವಾಗಿತ್ತು. ಆ ಪಾಠಕ್ಕೆ ಅಚ್ಚುಕಟ್ಟಾದ ರೂಪ ಕೊಟ್ಟವರು ಅಮೆರಿಕದ ಗ್ರೀನ್ ವರ್ಡಿಮನ್ ಬ್ಲ್ಯಾಕ್. ಅವರ ಪ್ರಸಿದ್ಧ ಗ್ರಂಥ ಬಂದದ್ದು 1908ರಲ್ಲಿ. ಹಲ್ಲಿನ ಸಂದುಗಳಲ್ಲಿ ಮುಂದೆ ಹುಳುಕು ಹತ್ತದಿರಲೆಂದು ಕುಳಿಯನ್ನು ಮೊದಲೇ ಅಗಲಿಸುವುದು ಅವರ ಸೂತ್ರ. ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಕುಳಿಗೆ ತುಂಬುತ್ತಿದ್ದ, ಪಾದರಸ ಬೆರೆತ ಅಮಾಲ್ಗಮ್ ಹಲ್ಲಿಗೆ ಅಂಟುವುದಿಲ್ಲ. ಬಾಯಿ ಕಿರಿದಾಗಿ ಒಳಗೆ ಅಗಲವಾದ ಕುಳಿಯಿದ್ದರೆ ಮಾತ್ರ ಕಚ್ಚಿಕೊಂಡು ನಿಲ್ಲುತ್ತದೆ. ಎಷ್ಟು ಕೊರೆಯಬೇಕೆಂಬುದನ್ನು ರೋಗದಷ್ಟೇ ತುಂಬುವ ವಸ್ತುವೂ ನಿರ್ಧರಿಸುತ್ತಿತ್ತು.

ಇಂದಿನ ಬರಹಗಳು ಬ್ಲ್ಯಾಕ್ ಅವರನ್ನು ಖಳನಾಯಕನಾಗಿಸುವುದುಂಟು. ಅದು ನ್ಯಾಯವಲ್ಲ. ಕೊಲೊರಾಡೊ ಸ್ಪ್ರಿಂಗ್ಸ್‌ನ ಜನರ ಹಲ್ಲಿನ ಕಂದು ಕಲೆಯ ಬೆನ್ನುಹತ್ತಿದ್ದ ಫ್ರೆಡರಿಕ್ ಮೆಕೇ ಅವರ ಜೊತೆ 1909ರಿಂದ ದುಡಿದವರೂ ಇದೇ ಬ್ಲ್ಯಾಕ್. (ಪಾವಗಡದ ಕಡೆ ಫ್ಲೋರೈಡ್ ನೀರು ಕುಡಿದವರ ಹಲ್ಲಲ್ಲಿ ಕಾಣುವ ಕಲೆಯೂ ಇದೇ ಜಾತಿಯದು.) ವಿಚಿತ್ರವೆಂದರೆ, ಕಲೆಬಿದ್ದ ಹಲ್ಲಿಗೆ ಹುಳುಕು ಕಡಿಮೆ. ಕಲೆಗೆ ಕಾರಣ ನೀರಿನ ಫ್ಲೋರೈಡ್ ಎಂದು 1931ರಲ್ಲಿ ಗೊತ್ತಾಯಿತು. 1945ರಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರ ಅದನ್ನು ಅಳತೆಯಿಟ್ಟು ಕುಡಿಯುವ ನೀರಿಗೆ ಬೆರೆಸತೊಡಗಿತು. ಕುಳಿ ಬೀಳುವ ಮುಂಚಿನ ಬಿಳಿ ಮಚ್ಚೆಗೆ ಖನಿಜ ಮರಳಿ ಸೇರಬಲ್ಲದೆಂಬ ತಿಳಿವಳಿಕೆ ಮುಂದಿನ ದಶಕಗಳಲ್ಲಿ ಬಲಿಯಿತು.

ಕೊರೆತದ ತರ್ಕವನ್ನೇ ಸಡಿಲಿಸಿದ್ದು ಮೈಕೆಲ್ ಬುಯೊನೊಕೋರ್ ಅವರ 1955ರ ಪ್ರಯೋಗ. ಬಣ್ಣ ಚೆನ್ನಾಗಿ ಹಿಡಿಯಲೆಂದು ಲೋಹಕ್ಕೆ ಫಾಸ್ಫಾರಿಕ್ ಆಮ್ಲ ಹಚ್ಚುವ ಕಾರ್ಖಾನೆಯ ಪದ್ಧತಿಯನ್ನು ಅವರು ಹಲ್ಲಿಗೆ ತಂದರು. 85 ಪ್ರತಿಶತ ಆಮ್ಲವನ್ನು 30 ಸೆಕೆಂಡು ಹಚ್ಚಿ ತೊಳೆದರೆ ಎನಾಮಲ್‌ನಲ್ಲಿ ಸೂಕ್ಷ್ಮ ರಂಧ್ರಗಳೇಳುತ್ತವೆ. ದ್ರವವಾಗಿದ್ದು ಗಟ್ಟಿಯಾಗುವ ರೆಸಿನ್ ಅವುಗಳೊಳಗಿಳಿದು ಬೇರೂರುತ್ತದೆ. ರಫೇಲ್ ಬೋವನ್ ಅವರ ಗಟ್ಟಿ ರೆಸಿನ್‌ಗೆ 1962ರಲ್ಲಿ ಪೇಟೆಂಟ್ ಸಿಕ್ಕಿತು. 1972ರಲ್ಲಿ ಲಂಡನ್ನಿನ ವಿಲ್ಸನ್ ಮತ್ತು ಕೆಂಟ್, ಹಲ್ಲಿಗೆ ತಾನಾಗಿ ಅಂಟಿ ಫ್ಲೋರೈಡನ್ನೂ ಜಿನುಗಿಸುವ ಗ್ಲಾಸ್ ಅಯೊನೊಮರ್ ಸಿಮೆಂಟನ್ನು ಪ್ರಕಟಿಸಿದರು. ವಿದ್ಯುತ್ತಿಲ್ಲದೆಡೆ ಕೈ ಉಪಕರಣದಿಂದಲೇ ಹುಳುಕು ಕೆರೆದು ತುಂಬುವ ಪದ್ಧತಿ 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ರೂಪುಗೊಂಡದ್ದಕ್ಕೂ ಹಿನ್ನೆಲೆ ಇದೇ ಅಂಟುವ ಗುಣ.

ಅಂದಗೊಳಿಸುವ ಚಿಕಿತ್ಸೆಯೂ ಅದರ ಫಲ. 1930ರ ದಶಕದಲ್ಲಿ ಚಾರ್ಲ್ಸ್ ಪಿಂಕಸ್ ಹಾಲಿವುಡ್ ನಟರ ಹಲ್ಲಿಗೆ ಅಂಟಿಸುತ್ತಿದ್ದ ತೆಳು ಹೊದಿಕೆ ಚಿತ್ರೀಕರಣ ಮುಗಿಯುವವರೆಗಷ್ಟೇ ನಿಲ್ಲುತ್ತಿತ್ತು. ಆಮ್ಲ ಹಚ್ಚಿದ ಪಿಂಗಾಣಿ 1980ರ ದಶಕದಲ್ಲಿ ಅದನ್ನು ಬಾಳಿಕೆಯದಾಗಿಸಿತು. 2009ರಲ್ಲಿ ಜರ್ಮನಿಯಿಂದ ಬಂದ ನೀರಿನಂತೆ ತೆಳುವಾದ ರೆಸಿನ್ ಬಿಳಿ ಮಚ್ಚೆಯ ರಂಧ್ರಗಳಿಗಿಳಿದು ಹುಳುಕಿನ ಹಾದಿ ಮುಚ್ಚುತ್ತದೆ. ಬೆಳಕನ್ನು ಬಾಗಿಸುವ ಅದರ ಗುಣ ಎನಾಮಲ್‌ಗೆ ಹತ್ತಿರವಾದ್ದರಿಂದ ಮಚ್ಚೆಯೂ ಮರೆಯಾಗುತ್ತದೆ.

ಆದರೆ ಚಿಕಿತ್ಸೆಗೂ ಅಂದಕ್ಕೂ ಎಲ್ಲೆಡೆ ಹೊಂದಾಣಿಕೆಯಿಲ್ಲ. ಜಪಾನಿನಲ್ಲಿ 1970ರ ಆಸುಪಾಸಿನಿಂದ ಬಳಕೆಯಲ್ಲಿರುವ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ ಕೊರೆತವಿಲ್ಲದೆ ಹುಳುಕನ್ನು ತಡೆಯುತ್ತದೆ, ಅಗ್ಗವೂ ಹೌದು. ಹಚ್ಚಿದಲ್ಲಿ ಹುಳುಕು ಮಾತ್ರ ಕಪ್ಪಗಾಗುತ್ತದೆ. ಮಗುವಿನ ದವಡೆ ಹಲ್ಲಿಗಾದರೆ ತಂದೆತಾಯಿ ಒಪ್ಪಿಯಾರು, ಮುಂದಿನ ಹಲ್ಲಿಗೆ ಒಪ್ಪಿಸುವುದು ಕಷ್ಟ.