ಕ್ಷಿಪ್ರ ವೈರಾಣು ಪರೀಕ್ಷೆ ಮತ್ತು ತಳಿ ಪತ್ತೆ (ಕೊಳ್ಳೇಗಾಲ, ಹನೂರು, ಯಳಂದೂರು)

ಸಾಂಕ್ರಾಮಿಕ ರೋಗ ಹಬ್ಬಿದ ಊರಿನಲ್ಲೇ, ದೊಡ್ಡ ಪ್ರಯೋಗಾಲಯದ ಹಂಗಿಲ್ಲದೆ ವೈರಾಣುವನ್ನು ಪತ್ತೆ ಮಾಡುವ ವಿಧಾನವೇ ಕ್ಷಿಪ್ರ ಪರೀಕ್ಷೆ. ವೈರಾಣು ಇದೆಯೇ ಎಂದು ಹೇಳುವುದು ಒಂದು ಕೆಲಸ, ಯಾವ ತಳಿ ಎಂದು ಹೇಳುವುದು ಬೇರೆಯೇ ಕೆಲಸ. ಚಾಮರಾಜನಗರ ಜಿಲ್ಲೆಯ ಕಾಡಂಚಿನ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಮೊದಲನೆಯದು ಊರಿಗೆ ಬಂದಿದೆ, ಎರಡನೆಯದು ನಗರದಲ್ಲೇ ಉಳಿದಿದೆ. ಇದಕ್ಕೆ ದೂರಕ್ಕಿಂತ ವೈರಾಣುವಿನ ರೂಪ ಬದಲಿಸುವ ಗುಣವೇ ಮುಖ್ಯ ಕಾರಣ. ಮೊದಲು ಪತ್ತೆಯ ಕೆಲಸವೂ ದೂರದ ನಗರದ್ದೇ ಆಗಿತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯನ್ನು ಗುರುತಿಸಿದ್ದು ಪುಣೆಯ ವೈರಾಣು ಸಂಶೋಧನಾ ಕೇಂದ್ರ. 2012ರ ಕೊನೆಯಲ್ಲಿ ಚಾಮರಾಜನಗರ ಜಿಲ್ಲೆಯದೇ ಆದ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದವರಿಗೆ ಅದೇ ಕಾಯಿಲೆ ತಗುಲಿದಾಗಲೂ ಖಚಿತ ಉತ್ತರಕ್ಕೆ ಪುಣೆಯನ್ನೇ ನೆಚ್ಚಬೇಕಾಯಿತು. ಬ್ಯಾಟರಿಯಿಂದ ನಡೆಯುವ, ಹೊತ್ತೊಯ್ಯಬಹುದಾದ ಟ್ರೂನ್ಯಾಟ್ ಯಂತ್ರಕ್ಕೆ ಮಂಗನ ಕಾಯಿಲೆಯ ಪರೀಕ್ಷೆ ಸೇರಿದ್ದು ಅನಂತರ.

2020ರ ಜೂನ್‌ವರೆಗೆ ಜಿಲ್ಲೆಯಲ್ಲಿ ಕೋವಿಡ್ ಇರಲಿಲ್ಲ. ಮೊದಲ ಪ್ರಕರಣ ದಾಖಲಾದದ್ದು ಹನೂರು ತಾಲ್ಲೂಕಿನಲ್ಲಿ. ಅದೇ ತಿಂಗಳು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು (ಐಸಿಎಂಆರ್) ರ‍್ಯಾಪಿಡ್ ಆ್ಯಂಟಿಜೆನ್ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಮೂಗಿನ ದ್ರವವನ್ನು ಬಫರ್ ದ್ರಾವಣದಲ್ಲಿ ಕಲಸಿ ಪರೀಕ್ಷಾ ಪಟ್ಟಿಯ ಮೇಲೆ ಕೆಲವು ಹನಿ ಬಿಟ್ಟರೆ, ಸೋಂಕಿದ್ದಾಗ ಅರ್ಧ ಗಂಟೆಯೊಳಗೆ ‘ಸಿ’ (ಕಂಟ್ರೋಲ್) ಗೆರೆಯ ಜೊತೆ ‘ಟಿ’ (ಟೆಸ್ಟ್) ಗೆರೆಯೂ ಮೂಡುತ್ತದೆ. ಪಟ್ಟಿ ಹಿಡಿಯುವುದು ವೈರಾಣುವಿನ ಒಳಗಿನ ಪ್ರೋಟೀನನ್ನು. ರೂಪಾಂತರಗಳು ಹೆಚ್ಚಾಗಿ ಆದದ್ದು ಹೊರಗಿನ ಸ್ಪೈಕ್ ಪ್ರೋಟೀನಿನಲ್ಲಿ. ಹಾಗಾಗಿ ಡೆಲ್ಟಾ ಆದರೂ ಓಮೈಕ್ರಾನ್ ಆದರೂ ಗೆರೆ ಒಂದೇ. ತಳಿ ಹೇಳಲಾಗದ ಈ ಕುರುಡುತನವೇ ಪಟ್ಟಿಯ ಬಾಳಿಕೆಗೂ ಕಾರಣ. ತಳಿ ಹೇಳಹೊರಟ ಪರೀಕ್ಷೆಗಳು ಬೇಗ ಹಳತಾದವು. 2021ರ ಡಿಸೆಂಬರ್‌ನಲ್ಲಿ ದೇಶದ ಮೊದಲ ಓಮೈಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದ ಬಳಿಕ, ಕೆಲವು ಆರ್‌ಟಿ-ಪಿಸಿಆರ್ ಕಿಟ್‌ಗಳಲ್ಲಿ ‘ಎಸ್’ ಜೀನ್ ಕಾಣದಿದ್ದರೆ ಓಮೈಕ್ರಾನ್ ಎಂದು ಶಂಕಿಸುತ್ತಿದ್ದರು, ಆದರೆ ಅದರ ಬಿಎ.2 ಉಪತಳಿ ಬಂದೊಡನೆ ಆ ಸುಳಿವು ಕೈಕೊಟ್ಟಿತು.

ದೆಹಲಿಯ ಐಜಿಐಬಿ ಸಂಶೋಧನಾ ಸಂಸ್ಥೆ ರೂಪಿಸಿದ ‘ರೇ’ ವಿಧಾನ ಕಾಗದದ ಪಟ್ಟಿಯಲ್ಲೇ ರೂಪಾಂತರವನ್ನು ತೋರಿಸುತ್ತದಲ್ಲ ಎಂಬ ಆಕ್ಷೇಪ ಬರಬಹುದು. ನಿಜ, ಆದರೆ ಮೊದಲೇ ಗೊತ್ತಿರುವ ರೂಪಾಂತರವನ್ನಷ್ಟೇ ಅದು ಹುಡುಕಬಲ್ಲದು. ಹೊಸತನ್ನು ಕಾಣಲು ಜೀನೋಮ್ ಸೀಕ್ವೆನ್ಸಿಂಗ್ ಬೇಕೇ ಬೇಕು. ಮಲೆ ಮಹದೇಶ್ವರ ಬೆಟ್ಟದಿಂದಲೋ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಿಂದಲೋ (ಹಾಡಿಯಿಂದಲೋ) ಮಾದರಿ ಕಳಿಸಿ ಕಾಯುವಷ್ಟರಲ್ಲಿ ಸೋಂಕು ಹಬ್ಬದೇ ಎಂದರೆ, ರೋಗಿಯನ್ನು ಬೇರೆ ಇರಿಸಲು ತಳಿಯ ಹೆಸರು ಬೇಕಿಲ್ಲ, ‘ಟಿ’ ಗೆರೆ ಸಾಕು. ಲಸಿಕೆ, ನಿಗಾ ಮುಂತಾದ ರಾಜ್ಯಮಟ್ಟದ ತೀರ್ಮಾನಗಳಿಗೆ ಆಯ್ದ ಮಾದರಿಗಳ ಸೀಕ್ವೆನ್ಸಿಂಗ್ ಸಾಲುತ್ತದೆ. ಕಾಡಂಚಿನ ಜ್ವರದಲ್ಲಿ ಸ್ಥಳದಲ್ಲೇ ಬೇಕಾದ ಭೇದ ತಳಿಯದಲ್ಲ, ರೋಗದ್ದು: ಡೆಂಗಿಯಾದರೆ ನೀರಿನ ತೊಟ್ಟಿ ಖಾಲಿ ಮಾಡಿಸಬೇಕು, ಮಂಗನ ಕಾಯಿಲೆಯಾದರೆ ಅದನ್ನು ಹರಡುವ ಉಣ್ಣೆ ಹುಳುವಿನ ಕಡಿತದಿಂದ ಜನರನ್ನು ಕಾಪಾಡಬೇಕು. ತಾಲ್ಲೂಕು ಆಸ್ಪತ್ರೆಯ ಯಂತ್ರ ಮೊದಲು ಬೇರ್ಪಡಿಸಬೇಕಾದದ್ದು ಇವೆರಡನ್ನು.